ಸೋಪು ಹಚ್ಚಿದ ಕಮಾನು

ಸೋಪು ತೀರಾ ಸವೆದಿತ್ತು. ಕಮಾನಿನ ಕೂದಲು ಓಡಾಡಿ ಓಡಾಡಿ ನಟ್ಟನಡುವೆ ಹಳ್ಳ ಬಿದ್ದು, ಇನ್ನು ಒಂದೆರಡು ದಿನಕ್ಕೆ ಎರಡು ತುಂಡಾಗುವಂತಿತ್ತು. ಕಯೆತಾನ್ ಅದನ್ನು ಎಡಗೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು, ಬೇರೆ ಪಿಟೀಲುಗಾರರು ರಾಳ ಉಜ್ಜುವಷ್ಟೇ ಶ್ರದ್ಧೆಯಿಂದ ಕಮಾನಿಗೆ ಉಜ್ಜುತ್ತಿದ್ದ. ರಾಳ ಉಜ್ಜಿದರೆ ಕೂದಲು ತಂತಿಯನ್ನು ಕಚ್ಚುತ್ತದೆ, ನಾದ ಬರುತ್ತದೆ. ಸೋಪು ಉಜ್ಜಿದರೆ ಜಾರುತ್ತದೆ, ಏನೂ ಬರುವುದಿಲ್ಲ. ಮಗುವಿಗೂ ಅರ್ಥವಾಗುವ ವಿಷಯ. ಆದರೆ ಅರವತ್ತು ದಾಟಿದ, ಒಂದು ಕಾಲದಲ್ಲಿ ವಾರ್ಸಾವನ್ನೇ ಕುಣಿಸಿದ, ಈಗಲೂ ಮೊಜೆವೊದ ಆರೋಗ್ಯಧಾಮದಲ್ಲಿ ದಿನಾ ಸಂಜೆ ಐದಕ್ಕೆ ರೋಗಿಗಳನ್ನು ಕುಣಿಸುವ ಆರ್ಕೆಸ್ಟ್ರಾ ನಾಯಕನೊಬ್ಬ ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ ಕೂತು ಕಮಾನಿಗೆ ಸೋಪು ಹಚ್ಚುತ್ತಿದ್ದಾನೆಂದರೆ ಅದು ಯಾರಿಗೂ ಅರ್ಥವಾಗುವಂಥದ್ದಲ್ಲ. ಅರ್ಥವಾಗುವುದು ಬೇಡವೆಂದೇ ಅವನು ಒಳಗಿನಿಂದ ಚಿಲಕ ಹಾಕಿಕೊಂಡಿದ್ದ. ಗೋಡೆಯಾಚೆ ಕಾರ್ನಿವಲ್ ಕಾಲದ ಪೊಂಚ್ಕಿ ಎಂಬ ಸಿಹಿ ಬೋಂಡಾ ಕರಿಯುತ್ತಿದ್ದರು. ಕಾದ ಕೊಬ್ಬಿನ ವಾಸನೆ, ಅದರೊಳಗೆ ತುಂಬುವ ಗುಲಾಬಿ ಹೂವಿನ ಜಾಮಿನ ವಾಸನೆ, ಅವೆರಡರ ಮೇಲೆ ಈ ಲ್ಯಾವೆಂಡರ್ ಸೋಪಿನ ವಾಸನೆ. ಕಲಾವಿದನ ಕೋಣೆಗಿಂತ ಹೆಚ್ಚಾಗಿ ಮದುವೆಯಾದ ಹೊಸದರಲ್ಲಿ ಯಾರೋ ಸ್ನಾನ ಮಾಡಿ ತಿಂಡಿಗೆ ಕೂತ ಹಾಗಿತ್ತು.

ಎಡಗೈಯ ಕೊನೆಯ ಎರಡು ಬೆರಳು ಮಾತು ಕೇಳುವುದನ್ನು ಬಿಟ್ಟಿದ್ದವು, ಅಷ್ಟೇ. ನೋವಿರಲಿಲ್ಲ. ನೋವಿದ್ದಿದ್ದರೆ ಹೇಳಿಕೊಳ್ಳಬಹುದಿತ್ತು, ಮೊಜೆವೊದಲ್ಲಿ ನೋವಿಗೆ ಮರ್ಯಾದೆಯಿತ್ತು, ಅದಕ್ಕೆ ಕೆಸರಿನ ಲೇಪವಿತ್ತು, ಉಪ್ಪುನೀರಿನ ತೊಟ್ಟಿಯಿತ್ತು. ಇವಕ್ಕೆ ಬರೀ ಸೋಮಾರಿತನ. ಮೇಲಿನ ಸ್ವರಕ್ಕೆ ಚಾಚೆಂದರೆ ಕಿರುಬೆರಳು ಇನ್ನೇನು ಮುಟ್ಟಿದೆ ಎನ್ನುವಲ್ಲಿ ನಿಂತುಬಿಡುತ್ತಿತ್ತು, ಸ್ವರ ಒಂದು ಕೂದಲೆಳೆ ಇಳಿದು ಬೀಳುತ್ತಿತ್ತು. ಮೊದಲ ಸಲ ಹಾಗಾದ ಸಂಜೆ ಕುಣಿಯುತ್ತಿದ್ದವರು ಯಾರೂ ತಲೆಯೆತ್ತಲಿಲ್ಲ. ಹಿಂದೆ, ಕುಂಡದ ತಾಳೆಗಿಡದ ಮರೆಯಲ್ಲಿ ಕೂತಿದ್ದ ಎರಡನೇ ಪಿಟೀಲಿನ ಬೆನೋನ್ ಮಾತ್ರ ಒಮ್ಮೆ ಕಣ್ಣೆತ್ತಿ ಮತ್ತೆ ಇಳಿಸಿದ. ಆ ಕಣ್ಣು ಇಳಿಸಿದ್ದನ್ನು ಕಯೆತಾನ್ ಇವತ್ತಿಗೂ ಕ್ಷಮಿಸಿರಲಿಲ್ಲ. ಮಾರನೆಯ ದಿನ ತಮಾಷೆಯ ದನಿಯಲ್ಲೇ ಕೇಳಿದ್ದ: "ಈ ಹಾಡನ್ನ ನೀನು ಬಾರಿಸು, ನಾನು ಮುಖ ಕೊಡ್ತೀನಿ." ಬೆನೋನ್ ನಕ್ಕಿದ್ದ. ಒಂದು ಹಾಡು ಎರಡಾಯಿತು, ಆಮೇಲೆ ಎಲ್ಲ ಹಾಡೂ ಆಯಿತು, ಯಾವಾಗ ಎಂದು ಇಬ್ಬರಿಗೂ ನೆನಪಿಲ್ಲ. ವಾರ್ಸಾದ ವೈಭವದ ದಿನಗಳಲ್ಲಿ, ವೇದಿಕೆ ತುಂಬಿ ಕಾಣಲೆಂದು ಒಬ್ಬ ಚೆಂದದ ಹುಡುಗನನ್ನು ಇದೇ ಕಯೆತಾನ್ ಒಂದು ದರ್ಜಿ ಅಂಗಡಿಯಿಂದ ಎತ್ತಿಕೊಂಡು ಬಂದಿದ್ದ. ಪಿಟೀಲು ಹಿಡಿಯುವುದಷ್ಟೇ ಅವನಿಗೆ ಗೊತ್ತಿದ್ದದ್ದು. ಅವನ ಕಮಾನಿಗೆ ಸೋಪು ಹಚ್ಚಿ ಮೊದಲ ಸಾಲಲ್ಲಿ ಕೂರಿಸಿ, ಎಲ್ಲರೆದುರು ಅವನನ್ನು ಸೋಪಣ್ಣ ಎಂದು ಕರೆಯುತ್ತಿದ್ದ. ಸೋಪಣ್ಣ, ಇವತ್ತು ಶ್ರುತಿ ಸರಿ ಇದೆಯೇನಪ್ಪಾ? ಸೋಪಣ್ಣ, ಎಷ್ಟು ಗಟ್ಟಿಯಾಗಿ ಬಾರಿಸ್ತೀಯಾ, ಸ್ವಲ್ಪ ಕಡಿಮೆ ಮಾಡು. ಆರ್ಕೆಸ್ಟ್ರಾ ಹೊಟ್ಟೆ ಹಿಡಿದು ನಗುತ್ತಿತ್ತು. ಹುಡುಗನೂ ನಗುತ್ತಿದ್ದ, ಕಿವಿ ಮಾತ್ರ ಕೆಂಪಾಗುತ್ತಿತ್ತು. ಅವನ ನಿಜವಾದ ಹೆಸರು ಏನೆಂದು ನೆನಪಿಸಿಕೊಳ್ಳಲು ಕಯೆತಾನ್ ಈಗ ದಿನಾ ಸೋಪು ಉಜ್ಜುವಾಗ ಪ್ರಯತ್ನಪಡುತ್ತಿದ್ದ, ನೆನಪಾಗುತ್ತಿರಲಿಲ್ಲ.

ಸಿಕ್ಕಿಬೀಳುವ ಭಯಕ್ಕೆ ಅವನು ಒಗ್ಗಿಹೋಗಿದ್ದ. ಒಗ್ಗದಿದ್ದದ್ದು ಹೊಗಳಿಕೆಗೆ. ಊಚ್ ಪಟ್ಟಣದಲ್ಲಿ ಔಷಧಿ ಅಂಗಡಿ ನಡೆಸಿ ನಿವೃತ್ತರಾದ ಪಾನಿ ಕುನೆಗುಂಡಾ ಎಂಬ ಮುದುಕಿ ಪ್ರತಿ ಚಳಿಗಾಲ ಮೊಣಕಾಲಿನ ನೆಪ ಹೇಳಿಕೊಂಡು ಬರುತ್ತಿದ್ದರು. ಹೆಂಗಸರಿಗೆ ಪಾನಿ, ಗಂಡಸರಿಗೆ ಪಾನ್ ಎನ್ನುವುದು ಅಲ್ಲಿಯ ಮರ್ಯಾದೆ. ಬಂದ ದಿನವೇ ಊರುಗೋಲನ್ನು ಕೋಟಿನ ಗೂಟಕ್ಕೆ ನೇತುಹಾಕಿದರೆ ಮತ್ತೆ ಅದನ್ನು ಮುಟ್ಟುತ್ತಿದ್ದದ್ದು ಹೊರಡುವ ದಿನವೇ. ಯೌವನದಲ್ಲಿ ಅವನ ಗ್ರಾಮಫೋನ್ ತಟ್ಟೆಗಳನ್ನು ತೇಯುವಷ್ಟು ಕೇಳಿದವರು. ಅವರು ಪ್ರತಿ ಸಂಜೆ ವೇದಿಕೆಯ ಹತ್ತಿರ ಬಂದು, ಕೈಯನ್ನು ಮುತ್ತಿಗೆಂದು ಚಾಚಿ, "ಮೇಷ್ಟ್ರೇ, ವರ್ಷ ಹೋದ ಹಾಗೆ ನಿಮ್ಮ ನಾದ ಎಳೇದಾಗ್ತಾ ಇದೆ. ಆಗ ನಿಮ್ಮದು ಬರೀ ಧಿಮಾಕು. ಈಗ ಹೃದಯ ಬಂದಿದೆ" ಎನ್ನುತ್ತಿದ್ದರು. ಕಯೆತಾನ್ ಬಗ್ಗಿ ಕೈಗೆ ಮುತ್ತಿಡುತ್ತಿದ್ದ. ಬಗ್ಗಿದಾಗ ಮುಖ ಕಾಣುವುದಿಲ್ಲವಲ್ಲ, ಅದೊಂದು ಅನುಕೂಲ. ಆಗ ಬಾರಿಸುತ್ತಿದ್ದದ್ದು ತಾನು. ಈಗಿನದು ಬೆನೋನನದು. ಅಂದರೆ ಈ ಮುದುಕಿ ತನಗೆ ತಿಳಿಯದೆಯೇ ಪ್ರತಿ ಸಂಜೆ ಅವನ ಮುಖದ ಮೇಲೆ ಹೇಳುತ್ತಿದ್ದದ್ದು ಇಷ್ಟೇ: ಆ ನೆಗಡಿ ಮೂಗಿನ ಬೆನೋನ್ ನಿನಗಿಂತ ದೊಡ್ಡ ಪಿಟೀಲುಗಾರ ಕಣಯ್ಯಾ. ಇದು ನಿಜವೆಂದು ಕಯೆತಾನನಿಗೆ ಗೊತ್ತಿತ್ತು. ಹೊಟ್ಟೆಕಿಚ್ಚಿನಿಂದ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ಮಾರನೆಯ ಸಂಜೆ ಮುದುಕಿ ಬರುವುದು ತಡವಾದರೆ ಬಾಗಿಲ ಕಡೆ ಕತ್ತು ಚಾಚುತ್ತಿದ್ದ.

ಯಾರೋ ಬಾಗಿಲು ತಟ್ಟಿದರು. ಕಯೆತಾನ್ ಸೋಪನ್ನು ಜೇಬಿಗೆ ಹಾಕಿಕೊಂಡ.

"ತೆಗೀರಿ ಮೇಷ್ಟ್ರೇ," ಅಕಾರ್ಡಿಯನ್ ಬಾರಿಸುವ ಗುಸ್ತಾವನ ದನಿ. "ನಿಮ್ಮ ನಾದಕ್ಕೆ ನೆಗಡಿ ಆಗಿದೆ. ಹೊರಗೆ ನಡುಗ್ತಾ ನಿಂತಿದೆ."

ಚಿಲಕ ತೆಗೆದರೆ ಬೆನೋನ್ ಒಬ್ಬನೇ ನಿಂತಿದ್ದ. ಗುಸ್ತಾವ್ ನಗುತ್ತ ಆಚೆ ಹೋಗುತ್ತಿದ್ದ. ಬೆನೋನನ ಕತ್ತಿಗೆ ಕಂದು ಮಫ್ಲರ್, ಕೋಟಿನ ಮೇಲೆ ಕರಗುತ್ತಿರುವ ಹಿಮ. ರೋಗಿಗಳು ಆ ಗಾಳಿ ಉಸಿರಾಡಲೆಂದು ಮುಳ್ಳುಕಡ್ಡಿ ಒಟ್ಟಿ ಉಪ್ಪುನೀರು ಸೋರಿಸುವ ಎತ್ತರದ ಗೋಡೆಗಳ ಸುತ್ತ ನಡೆದು ಬಂದಿದ್ದಾನೆಂದು ಗೊತ್ತಾಗುತ್ತಿತ್ತು. ದಿನಾ ನಡೆಯುತ್ತಿದ್ದ. ಒಬ್ಬನೇ ಅಲ್ಲ, ಟೊರೂನ್‌ನಿಂದ ಬಂದಿದ್ದ ಹಲ್ಲಿನ ಡಾಕ್ಟರು, ವಿಧವೆ, ಪಾನಿ ಅಪೊಲೋನ್ಯಾ ಅವರ ಜೊತೆ. ಐವತ್ತು ದಾಟಿದ ಬ್ರಹ್ಮಚಾರಿ ಬೆನೋನ್ ಈ ಚಳಿಗಾಲದಲ್ಲಿ ಶೂಗೆ ಪಾಲಿಶ್ ಹಾಕಲು ಶುರುಮಾಡಿದ್ದು ಇಡೀ ಆರ್ಕೆಸ್ಟ್ರಾಕ್ಕೆ ಸುದ್ದಿಯಾಗಿತ್ತು.

"ಇವತ್ತು ಪಾನಿ ಅಪೊಲೋನ್ಯಾ ಅವರ ಹೆಸರಿನ ಹಬ್ಬ," ಅಂದ. ತಮ್ಮ ಹೆಸರಿನ ಸಂತರ ದಿನವನ್ನು ಅಲ್ಲಿಯವರು ಹುಟ್ಟುಹಬ್ಬದಂತೆ ಆಚರಿಸುತ್ತಾರೆ.

"ಗೊತ್ತಪ್ಪಾ. ಬೆಳಿಗ್ಗೆನೇ ಚಾಕಲೇಟ್ ಪೆಟ್ಟಿಗೆ ಕಳಿಸಿದ್ದಾರೆ. ಒಳಗೆ ಪ್ಲಮ್ ಹಣ್ಣಿರೋದು. ತಗೋ, ಒಂದು ತಿನ್ನು, ಗಂಟಲಿಗೆ ಒಳ್ಳೇದು." ಕಯೆತಾನ್ ತಾನೂ ಒಂದನ್ನು ಬಾಯಿಗೆ ಹಾಕಿಕೊಂಡು ಪೆಟ್ಟಿಗೆ ಚಾಚಿದ.

ಬೆನೋನ್ ಪೆಟ್ಟಿಗೆಯನ್ನು ನೋಡಿದ. ನೋಡಿ ಮೂಗು ಒರೆಸಿಕೊಂಡ. "ಅದು ನಾನೇ ಅವರಿಗೆ ಕೊಟ್ಟಿದ್ದು."

ಬಾಯಲ್ಲಿದ್ದ ಚಾಕಲೇಟನ್ನು ಏನು ಮಾಡಬೇಕೆಂದು ಕಯೆತಾನನಿಗೆ ತೋಚಲಿಲ್ಲ. ಅಗಿದರೆ ಒಂದು ತಪ್ಪು, ಉಗಿದರೆ ಇನ್ನೊಂದು. ಕೆನ್ನೆಗೆ ಒತ್ತಿಕೊಂಡು, "ಮತ್ತೆ ನನಗ್ಯಾಕೆ ಬಂತು?" ಎಂದ.

"ನಿಮ್ಮ ಪಿಟೀಲು ಕೇಳಿದ ಮೇಲೆ ಅವರಿಗೆ ಗಂಡ ತೀರಿಕೊಂಡ ದುಃಖ ಸ್ವಲ್ಪ ಇಳೀತಂತೆ. ದಾರಿಯುದ್ದಕ್ಕೂ ಅದೇ ಮಾತು. ಮೇಷ್ಟ್ರು ಆ ಸ್ವರಾನ ಹೇಗೆ ಎಳೀತಾರೆ, ಮೇಷ್ಟ್ರು ಇನ್ನೊಂದನ್ನ ಹೇಗೆ ಬಿಡ್ತಾರೆ ಅಂತ."

"ನೀನೇನಂದೆ?"

"ಹೂಂ ಅಂದೆ."

"ಹೇಳಿಬಿಡ್ಲಿಲ್ಲ ತಾನೆ?"

"ನಿಮಗೆ ಮಾತು ಕೊಟ್ಟಿದ್ದೀನಲ್ಲ ಮೇಷ್ಟ್ರೇ." ಬೆನೋನ್ ಮಫ್ಲರಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ ನಿಂತ. "ಒಂದು ಕೇಳ್ಲಾ? ಇವತ್ತೊಂದು ದಿನ, ಒಂದೇ ಒಂದು ಹಾಡು, ನಾನು ಎದ್ದು ಮುಂದೆ ನಿಂತು ಬಾರಿಸ್ಲಾ? ನೀವು ಬೇಕಾದ್ರೆ ಆ ಹೊತ್ತಿಗೆ ಕಾಫಿ ಕುಡೀಬಹುದು."

ಸರಿ ಎನ್ನಬಹುದಿತ್ತು. ಸರಿ ಎನ್ನುವ ಮಾತು ಚಾಕಲೇಟಿನ ಹಿಂದೆಯೇ ಬಂದು ನಿಂತಿತ್ತು ಕೂಡ. ಆದರೆ ಬೆನೋನ್ ಮುಂದೆ ನಿಂತು ಬಾರಿಸಿದರೆ, ಆ ನಾದ ಅವನ ಕೈಯಿಂದ ಬರುವುದನ್ನು ಜನ ಕಣ್ಣಾರೆ ನೋಡಿದರೆ, ನಾಳೆ ಕುನೆಗುಂಡಾ ಯಾರ ಮುಂದೆ ಕೈ ಚಾಚುತ್ತಾರೆ? ಕಯೆತಾನ್ ನಾಲಿಗೆಗೆ ಬಂದದ್ದನ್ನು ಅಂದುಬಿಟ್ಟ: "ನೀನು ಎದ್ದು ನಿಂತ್ರೆ ಆ ಪ್ಯಾಂಟಿನ ಮಂಡಿ ತೇಪೆ ಎಲ್ಲಾರಿಗೂ ಕಾಣುತ್ತೆ ಕಣೋ. ಹೆಸರಿನ ಹಬ್ಬದ ದಿನ ಪಾಪ ಆಕೆಗೆ ಯಾಕೆ ಆ ಶಿಕ್ಷೆ?"

ಬೆನೋನ್ ನಕ್ಕ. ಅವನ ಕಿವಿ ಕೆಂಪಾಯಿತು. "ನಾನೂ ಹಾಗೇ ಅಂದ್ಕೊಂಡೆ," ಎಂದು ತನ್ನ ಪಿಟೀಲು ಪೆಟ್ಟಿಗೆ ಎತ್ತಿಕೊಂಡು ಹೊರಟ. ಕಯೆತಾನ್ ಚಾಕಲೇಟನ್ನು ಅಗಿದು ನುಂಗಿದ. ಬೆನೋನನ ಕಿವಿಯೂ ಸೋಪಣ್ಣನದರ ಹಾಗೇ ಕೆಂಪಾಗುವುದನ್ನು ತಾನು ಇಷ್ಟು ದಿನ ಗಮನಿಸಿರಲಿಲ್ಲ.

ಐದಕ್ಕೆ ಸಭಾಂಗಣ ತುಂಬಿತು. ಬೆಳಿಗ್ಗೆ ಎರಡು ಮೆಟ್ಟಿಲು ಹತ್ತಲು ಕೈ ಹಿಡಿಯಿರೆಂದು ನರ್ಸನ್ನು ಗೋಗರೆದವರೆಲ್ಲ ತಲೆಗೆ ಎಣ್ಣೆ ಹಚ್ಚಿ ಬಾಚಿ, ಸೆಂಟು ಬಳಿದುಕೊಂಡು, ಬೇರೆಯವರ ಹೆಂಡತಿಯರ ಸೊಂಟ ಹಿಡಿದು ಗಿರಗಿರ ತಿರುಗುತ್ತಿದ್ದರು. ಮೊಜೆವೊದಲ್ಲಿ ಇದಕ್ಕೆ ಚಿಕಿತ್ಸೆ ಎಂದೇ ಹೆಸರು. ಕಯೆತಾನ್ ಮುಂದೆ ನಿಂತು, ಕಣ್ಣು ಮುಚ್ಚಿ, ಗಲ್ಲವನ್ನು ಪಿಟೀಲಿಗೊತ್ತಿ, ಜಾರುವ ಕಮಾನನ್ನು ಮೇಲಕ್ಕೆ ಕೆಳಕ್ಕೆ ತೇಲಿಸುತ್ತಿದ್ದ. ಕಣ್ಣು ಮುಚ್ಚುವುದೇ ಅವನ ಹೆಸರುವಾಸಿ ಭಂಗಿ, ಪೋಸ್ಟರಿನಲ್ಲೂ ಹಾಗೇ ಇದ್ದ. ಮುಚ್ಚಿದ ಕಣ್ಣೊಳಗೆ ಅವನು ಬೆನೋನನ ಉಸಿರನ್ನು ಕೇಳುತ್ತಿದ್ದ. ಬೆನೋನ್ ಮೂಗು ಎಳೆದುಕೊಂಡನೆಂದರೆ ಸ್ವರ ಶುರುವಾಗುತ್ತದೆ, ಅದೇ ಗುರುತು. ಇವತ್ತು ಬೆನೋನ್ ಎಂದಿಗಿಂತ ಚೆನ್ನಾಗಿ ಬಾರಿಸುತ್ತಿದ್ದ. ಸೇಡಿಗೆ ಹೀಗೆ ಮಾಡುತ್ತಿದ್ದಾನೋ ಎಂದು ಕಯೆತಾನನಿಗೆ ಅನುಮಾನ. ಸೇಡಿಗಾದರೆ ಕೆಟ್ಟದಾಗಿ ಬಾರಿಸಬೇಕಿತ್ತು. ಚೆನ್ನಾಗಿ ಬಾರಿಸಿ ಸೇಡು ತೀರಿಸಿಕೊಳ್ಳುವವನನ್ನು ಏನು ಮಾಡಲು ಬರುತ್ತದೆ?

ಕಿಟಕಿಯ ಪಕ್ಕದ ಮೇಜಿನಲ್ಲಿ ಅಪೊಲೋನ್ಯಾ ನೀಲಿ ಉಡುಪಿನಲ್ಲಿ ಕೂತಿದ್ದರು. ಹಬ್ಬ ಅವರದಾದ್ದರಿಂದ ಉಪಚಾರವೂ ಅವರದೇ. ಬಂದವರಿಗೆಲ್ಲ ಪೊಂಚ್ಕಿ, ಚೆರ್ರಿ ಮದ್ಯ ಕೊಡುತ್ತ, ಕಣ್ಣು ಮಾತ್ರ ಕಯೆತಾನನ ಮೇಲಿಟ್ಟಿದ್ದರು.

ಆಗ ಪಾನ್ ಜೆಮೊವಿತ್ ಮೈಕಿನ ಹತ್ತಿರ ಬಂದ. ಹೊಸ ವರ್ಷಕ್ಕೆ ವರ್ಗವಾಗಿ ಬಂದಿದ್ದ ಮನರಂಜನಾಧಿಕಾರಿ. ಸರ್ಕಾರಿ ಸಂಬಳಕ್ಕೆ ಜನರನ್ನು ನಗಿಸುವವನು. ಊರಿನ ಪದ್ಧತಿ ಎಲ್ಲ ಗೊತ್ತಿತ್ತು, ಊರಿನ ಗುಟ್ಟು ಯಾವುದೂ ಗೊತ್ತಿರಲಿಲ್ಲ.

"ಮಹನೀಯರೇ, ಮಹಿಳೆಯರೇ, ಇವತ್ತು ನಮ್ಮ ಪಾನಿ ಅಪೊಲೋನ್ಯಾ ಅವರ ಹೆಸರಿನ ಹಬ್ಬ. ಪದ್ಧತಿ ಪ್ರಕಾರ ಮೇಷ್ಟ್ರು ಈಗ ಕೆಳಗೆ ಬಂದು ಅವರ ಕಿವಿಗೆ ಬಾರಿಸ್ತಾರೆ."

ಚಪ್ಪಾಳೆ ಬಿತ್ತು. ಕಿವಿಗೆ ಬಾರಿಸುವುದೆಂದರೆ ಹಬ್ಬದವರ ಕುರ್ಚಿಯ ಪಕ್ಕ ನಿಂತು, ಪಿಟೀಲನ್ನು ಅವರ ಕಿವಿಯ ಹತ್ತಿರಕ್ಕೆ ತಂದು, ಅವರೊಬ್ಬರಿಗೇ ಎಂಬಂತೆ ಬಾರಿಸುವುದು. ಆ ಕಾಲದಲ್ಲಿ ಕಯೆತಾನ್ ಹೀಗೆ ಬಾರಿಸಿ ಎಷ್ಟು ಗಂಡಂದಿರ ನಿದ್ದೆ ಕೆಡಿಸಿದ್ದನೋ. ಬೆರಳು ಕೈಕೊಟ್ಟ ಮೇಲೆ, ಮೊಣಕಾಲು ನೋವು, ವೇದಿಕೆ ಇಳಿಯಲಾರೆ ಎಂದು ನಿಲ್ಲಿಸಿದ್ದ. ಮೊಜೆವೊದಲ್ಲಿ ಮೊಣಕಾಲಿನ ಮಾತಿಗೆ ಯಾರೂ ಎದುರಾಡುವುದಿಲ್ಲ.

"ನನ್ನ ಮೊಣಕಾಲು..." ಎಂದು ಶುರುಮಾಡಿದ.

"ಮೊಣಕಾಲು ಅಂತಿದ್ದಾರೆ ಮೇಷ್ಟ್ರು," ಜೆಮೊವಿತ್ ಮೈಕಿನಲ್ಲೇ ಹೇಳಿದ. "ಬೆಳಿಗ್ಗೆ ಇವರು ಬಸ್ಸಿನ ಹಿಂದೆ ಓಡಿದ್ದನ್ನ ನಾನು ನೋಡಿದ್ದೀನಿ. ನಮ್ಮ ಕೆಸರಿನ ಲೇಪದ ಮಹಿಮೆ ಅದು. ಇಳೀರಿ ಮೇಷ್ಟ್ರೇ, ಇಲ್ಲದಿದ್ರೆ ಕೆಸರಿಗೆ ಕೆಟ್ಟ ಹೆಸರು."

ಎಲ್ಲರೂ ನಕ್ಕರು. ಕೆಸರಿನ ಮಾನ ಉಳಿಸಲು ಕಯೆತಾನ್ ವೇದಿಕೆ ಇಳಿದ. ಇಳಿಯುವ ಮುನ್ನ ಒಮ್ಮೆ ತಿರುಗಿ ತಾಳೆಗಿಡದ ಕಡೆ ನೋಡಿದ. ಎಲೆಗಳ ಸಂದಿನಲ್ಲಿ ಬೆನೋನನ ಮುಖ ಹಿಟ್ಟು ಮೆತ್ತಿದಷ್ಟು ಬಿಳಿಚಿತ್ತು. ಅವನಿಗೆ ತನಗಿಂತ ಹೆಚ್ಚು ಭಯವಾಗಿದೆ ಎಂದು ಕಂಡು ಕಯೆತಾನನಿಗೆ ಯಾಕೋ ಸಿಟ್ಟು ಬಂತು.

ಅಪೊಲೋನ್ಯಾ ಕಣ್ಣು ಮುಚ್ಚಿ ತಲೆ ಓರೆಮಾಡಿದರು. ಎಡಗಿವಿಯಲ್ಲಿ ಜೇನುಬಣ್ಣದ ಅಂಬರಿನ ಓಲೆ. ಅವರಿಂದ ತೆಳ್ಳಗೆ ಲವಂಗದೆಣ್ಣೆಯ ವಾಸನೆ ಬರುತ್ತಿತ್ತು, ರಜೆಯಲ್ಲೂ ಬಿಡದ ಕಸುಬಿನ ವಾಸನೆ. ಕಯೆತಾನ್ ಪಿಟೀಲನ್ನು ಆ ಓಲೆಯ ಹತ್ತಿರಕ್ಕೆ ತಂದು ಕಮಾನು ಎಳೆದ. ತಂತಿಯ ಮೇಲೆ ಕೂದಲು ಜಾರಿ ಹಾಸಿಗೆಯ ಮೇಲೆ ಅಂಗೈ ಸವರಿದಂಥ ಸದ್ದು ಬಂತು, ಮತ್ತೇನಿಲ್ಲ. ಅತ್ತ ಮೂಗು ಎಳೆದ ಸದ್ದು, ಟ್ಯಾಂಗೊ ಶುರುವಾಯಿತು. ತನ್ನ ಜೀವಮಾನದಲ್ಲಿ ಎಷ್ಟೋ ಸಾವಿರ ಜನರೆದುರು ನಿಂತವನು ಕಯೆತಾನ್, ಆದರೆ ಒಂದು ಕಿವಿಗೆ ಇಷ್ಟು ಹೆದರಿದ್ದು ಇದೇ ಮೊದಲು. ಕಿವಿಗೆ ಕಣ್ಣಿಲ್ಲವೆಂಬ ಧೈರ್ಯದ ಮೇಲೆ ಅವನ ಇಷ್ಟು ದಿನದ ಬದುಕು ನಿಂತಿತ್ತು. ಎಲ್ಲರೂ ತನ್ನ ಮುಖ ನೋಡುತ್ತಿದ್ದರು, ನೋಡುತ್ತಿದ್ದದ್ದನ್ನೇ ಕೇಳುತ್ತಿದ್ದೇವೆಂದುಕೊಳ್ಳುತ್ತಿದ್ದರು. ಈಕೆ ಕಣ್ಣು ಮುಚ್ಚಿಬಿಟ್ಟಿದ್ದಾರೆ. ತೆಗೆಯಮ್ಮಾ, ಕಣ್ಣು ತೆಗೆ, ನನ್ನ ಮುಖ ನೋಡು ಎಂದು ಒಳಗೊಳಗೇ ಬೇಡಿಕೊಂಡ. ದರ್ಜಿ ಅಂಗಡಿಯ ಹುಡುಗನೂ ಹೀಗೇ ಬೇಡಿಕೊಂಡಿರಬೇಕು, ಮೊದಲ ಸಾಲಲ್ಲಿ ಕೂತು, ದಿನಾ.

ಅಪೊಲೋನ್ಯಾ ಕಣ್ಣು ತೆರೆದರು. ತಲೆ ಅಲುಗಿಸಲಿಲ್ಲ. ತುಟಿಯೂ ಹೆಚ್ಚು ಅಲುಗದಂತೆ ಹೇಳಿದರು: "ಮೇಷ್ಟ್ರೇ, ನೀವು ನನ್ನ ಎಡಗಡೆ ಇದ್ದೀರಿ. ಪಿಟೀಲು ಬಲಗಡೆ ಕೇಳ್ತಿದೆ."

"ಹಾಲ್ ದೊಡ್ಡದು. ಪ್ರತಿಧ್ವನಿ."

"ನಾನು ಜೀವಮಾನವೆಲ್ಲ ಕಟ್ಟಿಸಿದ ಹಲ್ಲು ನೋಡಿದೋಳು. ಸ್ವಂತದ್ದಕ್ಕಿಂತ ಅದು ಚೆನ್ನಾಗಿ ಕಾಣುತ್ತೆ. ಅದರಿಂದಲೇ ಗೊತ್ತಾಗೋದು." ಮೂಗನ್ನು ಕಮಾನಿನ ಕಡೆಗೆ ಸ್ವಲ್ಪ ತಂದರು. "ಲ್ಯಾವೆಂಡರಾ?"

ಕಯೆತಾನನ ಕೈ ಅಭ್ಯಾಸಬಲದಿಂದ ಕಮಾನನ್ನು ಎಳೆಯುತ್ತಲೇ ಇತ್ತು.

"ನಿಲ್ಲಿಸ್ಬೇಡಿ, ಜನ ನೋಡ್ತಿದ್ದಾರೆ," ಎಂದರು ಆಕೆ, ರೋಗಿಗೆ ಬಾಯಿ ಮುಚ್ಚಬೇಡಿ ಎನ್ನುವ ದನಿಯಲ್ಲಿ. ಮೆಲ್ಲಗೆ ಕತ್ತು ತಿರುಗಿಸಿ ವೇದಿಕೆಯತ್ತ ನೋಡಿದರು. ತಾಳೆಗಿಡದ ಮರೆಯಲ್ಲಿ ಕಂದು ಮಫ್ಲರ್ ಹಿಂದೆ ಮುಂದೆ ತೂಗುತ್ತಿತ್ತು. ಬಹಳ ಹೊತ್ತು ನೋಡಿದರು. "ಇವರು ದಿನಾ ನನ್ನ ಜೊತೆ ನಡೆಯೋಕೆ ಬರ್ತಾರೆ. ನಾನು ಹೋಗ್ತಾ ನಿಮ್ಮ ಪಿಟೀಲು, ಬರ್ತಾ ನಿಮ್ಮ ಪಿಟೀಲು. ಅದಕ್ಕೆಲ್ಲ ಹೂಂ ಅಂತಿದ್ರು."

"ನನಗೆ ಮಾತು ಕೊಟ್ಟಿದ್ದ."

"ಎಂಥ ಕತ್ತೆ," ಎಂದರು ಅಪೊಲೋನ್ಯಾ. ಯಾರನ್ನು ಅಂದದ್ದೆಂದು ಕಯೆತಾನನಿಗೆ ತಿಳಿಯಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು. ದೂರದ ಮೇಜುಗಳವರು ಅದನ್ನು ನೋಡಿ, ಮೇಷ್ಟ್ರು ಇನ್ನೊಬ್ಬಳನ್ನು ಅಳಿಸಿದರು ಎಂದು ಮೊಣಕೈಯಿಂದ ತಿವಿದುಕೊಂಡರು. ಹಾಡು ಮುಗಿದು ಚಪ್ಪಾಳೆ ಬೀಳುವಾಗ ಆಕೆ ಕೈ ಚಾಚಿದರು, ಅವನು ಬಗ್ಗಿ ಮುತ್ತಿಡುವಷ್ಟರಲ್ಲಿ, "ಹಬ್ಬಕ್ಕೆ ಒಂದು ಉಡುಗೊರೆ ಕೇಳ್ತೀನಿ. ಈಗ ಬಿಳಿ ಟ್ಯಾಂಗೊ ಕೂಗಿ," ಎಂದರು.

ಬಿಳಿ ಟ್ಯಾಂಗೊದಲ್ಲಿ ಹೆಂಗಸರು ಗಂಡಸರನ್ನು ಕುಣಿಯಲು ಕರೆಯುತ್ತಾರೆ. ಕರೆದ ಮೇಲೆ ಯಾವ ಗಂಡಸೂ ಒಲ್ಲೆ ಎನ್ನುವಂತಿಲ್ಲ, ಮೈಸರಿಯಿಲ್ಲದಿದ್ದರೂ ಏಳಬೇಕು. ಅದನ್ನು ಕೂಗುವ ಹಕ್ಕು ಆರ್ಕೆಸ್ಟ್ರಾ ನಾಯಕನೊಬ್ಬನದೇ. ಕಯೆತಾನ್ ಬಗ್ಗಿದವನು ಬಗ್ಗಿದಂತೆಯೇ ಇದ್ದ.

"ಪಾನಿ ಅಪೊಲೋನ್ಯಾ, ಅವನನ್ನ ನೀವು ಎಬ್ಬಿಸಿಕೊಂಡು ಹೋದ್ರೆ ಬಾರಿಸೋರು ಯಾರು?"

"ಅದು ನಿಮ್ಮ ಆರ್ಕೆಸ್ಟ್ರಾ. ಹಬ್ಬ ನನ್ನದು."

ಕಿಟಕಿಯಿಂದ ವೇದಿಕೆಗೆ ಹೆಚ್ಚು ದೂರವಿರಲಿಲ್ಲ. ಕಯೆತಾನ್ ಇಲ್ಲದ ಮೊಣಕಾಲು ನೋವನ್ನು ಎಳೆಯುತ್ತ, ಆದಷ್ಟು ನಿಧಾನವಾಗಿ ನಡೆದ. ಕೂಗದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಆಕೆ ಯಾರಿಗೂ ಹೇಳುವ ಹೆಂಗಸಲ್ಲ, ಅದು ಗೊತ್ತಾಗಿತ್ತು. ಒಂದು ಪೋಲ್ಕಾ ಶುರುಮಾಡಿದರೆ ಜನ ಎಗರಾಡುತ್ತ ಮರೆಯುತ್ತಾರೆ. ವಾರ ಕಳೆದರೆ ಆಕೆ ಟೊರೂನಿಗೆ ಹೋಗುತ್ತಾರೆ. ಬೆನೋನ್ ಮತ್ತೆ ಶೂ ಪಾಲಿಶ್ ಬಿಡುತ್ತಾನೆ. ತಾನು ಹೊಸ ಸೋಪು ಕೊಳ್ಳುತ್ತೇನೆ. ಎಲ್ಲ ಮೊದಲಿನಂತೆ. ಮೊದಲಿನಂತೆ ಎಂದುಕೊಂಡಾಗ ಮಾತ್ರ ಬಾಯಿಗೆ ಆ ಪ್ಲಮ್ ಹಣ್ಣಿನ ರುಚಿ ಮತ್ತೆ ಬಂತು. ನಾಚಿಕೆಯಾಯಿತು ಅವನಿಗೆ, ಸುಳ್ಳಿಗಿಂತಲೂ ಆ ತೇಪೆಯ ಮಾತಿಗೆ. ಭಯವೂ ಆಯಿತು, ಬೆವರುವಷ್ಟು. ಇವೆರಡರ ನಡುವೆ ಇನ್ನೊಂದು ಇತ್ತು, ಅದನ್ನು ಒಳ್ಳೆಯತನವೆಂದು ಕರೆಯಲು ಬರುವಂತಿರಲಿಲ್ಲ: ಆಕೆ ಬಂದು ಎದುರು ನಿಂತಾಗ ಈ ಬೆನೋನನ ಮುಖ ಹೇಗಾಗುತ್ತದೆ ನೋಡಬೇಕೆಂಬ ಶುದ್ಧ ತುಂಟತನ. ಬಹಳ ವರ್ಷದಿಂದ ಅವನಿಗೆ ಯಾವುದನ್ನೂ ನೋಡಬೇಕೆನಿಸಿರಲಿಲ್ಲ. ಕಣ್ಣು ಮುಚ್ಚಿಯೇ ಇದ್ದನಲ್ಲ.

ವೇದಿಕೆ ಹತ್ತಿ ಮೈಕ್ ಹಿಡಿದ. "ಬಿಳಿ ಟ್ಯಾಂಗೊ. ಹೆಂಗಸರ ಆಯ್ಕೆ. ಯಾವ ಗಂಡಸೂ ತಪ್ಪಿಸಿಕೊಳ್ಳೋ ಹಾಗಿಲ್ಲ, ಮರದ ಹಿಂದೆ ಕೂತೋರೂ ಸೇರಿ."

ಕುರ್ಚಿಗಳು ಸರಿದವು. ಹೆಂಗಸರು ಮೇಜುಗಳ ನಡುವೆ ಹರಡಿದರು. ಅಪೊಲೋನ್ಯಾ ನೀಲಿ ಉಡುಪನ್ನು ಒಂದು ಕೈಯಲ್ಲಿ ಎತ್ತಿಹಿಡಿದು ನೇರ ವೇದಿಕೆಗೆ ಬಂದು, ಕಯೆತಾನನ ಪಕ್ಕದಲ್ಲೇ ಹಾದು, ತಾಳೆಗಿಡದ ಎಲೆಯನ್ನು ಪರದೆಯಂತೆ ಸರಿಸಿದರು. "ಪಾನ್ ಬೆನೋನ್, ಏಳಿ."

"ನಾನಾ?" ಎಂದ ಬೆನೋನ್. "ನಾನು ಬಾರಿಸ್ಬೇಕು... ಅಂದ್ರೆ, ಮೇಷ್ಟ್ರು ಬಾರಿಸುವಾಗ ನಾನು ಜೊತೆಗೆ..."

"ನೀವು ಬಾರಿಸಿದ್ದು ಕೇಳಿಸ್ತು. ಈಗ ಏಳಿ."

ಬೆನೋನನ ಮುಖ ಕಯೆತಾನ್ ನಿರೀಕ್ಷಿಸಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಬಾಯಿ ತೆರೆದು, ಮೂಗು ಸೋರುತ್ತ, ಒಂದು ಕೈಯಲ್ಲಿ ಪಿಟೀಲು, ಒಂದು ಕೈಯಲ್ಲಿ ಕಮಾನು ಹಿಡಿದು, ಯಾವುದನ್ನು ಎಲ್ಲಿಡಬೇಕೆಂದು ತಿಳಿಯದೆ ಎದ್ದು ನಿಂತಿದ್ದ. ಪ್ಯಾಂಟಿನ ಮಂಡಿಯ ಮೇಲೆ ತೇಪೆ ಕಾಣುತ್ತಿತ್ತು. ಯಾರೂ ನೋಡುತ್ತಿರಲಿಲ್ಲ.

"ಮೇಷ್ಟ್ರೇ, ನಾನು ಹೋದ್ರೆ ನೀವು..."

"ಪಿಟೀಲು ಕೆಳಗಿಡು, ಕಮಾನು ಇಲ್ಲಿ ಕೊಡು. ಮಫ್ಲರ್ ತೆಗೆಯೋ, ಕುಣಿಯುವಾಗ ಆಕೆಗೆ ಸುತ್ತಿಕೊಂಡೀತು." ಕಯೆತಾನ್ ತನ್ನ ಕಮಾನನ್ನು ಅವನ ಖಾಲಿ ಕುರ್ಚಿಯ ಮೇಲಿಟ್ಟು, ರಾಳದ ಪುಡಿ ಹತ್ತಿದ ಕಮಾನನ್ನು ಕೈಗೆ ತೆಗೆದುಕೊಂಡ. ಗುಸ್ತಾವ್ ಅಕಾರ್ಡಿಯನ್ ಮೇಲಿಂದ ಇದನ್ನೆಲ್ಲ ನೋಡಿ ಶಿಲುಬೆಯ ಗುರುತು ಮಾಡಿಕೊಂಡ.

ಮೊದಲ ಎಳೆತಕ್ಕೇ ತಂತಿ ಕಚ್ಚಿತು. ಆ ಕಚ್ಚುವಿಕೆ ಕೈಯಿಂದ ಭುಜಕ್ಕೆ, ಭುಜದಿಂದ ದವಡೆಗೆ ಬಂತು. ಎಷ್ಟು ದಿನವಾಗಿತ್ತು ಪಿಟೀಲು ಹೀಗೆ ಮೂಳೆಯೊಳಗೆ ಬಂದು. ಸಂತೋಷವಾಯಿತು ಅವನಿಗೆ, ಪಾಪದಂಥ ಸಂತೋಷ. ಆದರೆ ಸಂತೋಷ ಬೇರೆ, ಶ್ರುತಿ ಬೇರೆ. ಕಿರುಬೆರಳು ಮೇಲಿನ ಸ್ವರದ ಹತ್ತಿರ ಹೋಗಿ, ಹೊಸ್ತಿಲಲ್ಲಿ ನಿಂತ ನೆಂಟನಂತೆ ನಿಂತುಬಿಟ್ಟಿತು. ಟ್ಯಾಂಗೊ ಅಲ್ಲಿ ಮುಲುಕಿತು. ಗುಸ್ತಾವ್ ಗಟ್ಟಿಯಾಗಿ ಬಾರಿಸಿ ಮುಚ್ಚಲು ನೋಡಿದ. ಪಿಯಾನೋದವನು ತಲೆ ತಗ್ಗಿಸಿದ. ಕುಣಿಯುತ್ತಿದ್ದವರಲ್ಲಿ ಕೆಲವರು ಮುಖ ಕಿವುಚಿದರು, ಕಾಲು ಮಾತ್ರ ನಿಲ್ಲಿಸಲಿಲ್ಲ. ನಡುವೆ ಬೆನೋನ್ ಅಪೊಲೋನ್ಯಾ ಅವರ ಕಾಲು ತುಳಿಯುತ್ತ, ಕ್ಷಮೆ ಕೇಳುತ್ತ, ಮತ್ತೆ ತುಳಿಯುತ್ತ ತಿರುಗುತ್ತಿದ್ದ. ತಿರುಗಿದಾಗಲೊಮ್ಮೆ ಪ್ರತಿ ತಪ್ಪು ಸ್ವರಕ್ಕೂ ಅವನ ಹುಬ್ಬು ಹಾರುತ್ತಿತ್ತು. ಇದನ್ನೆಲ್ಲ ಕಯೆತಾನ್ ನೋಡುತ್ತಿದ್ದ, ಯಾಕೆಂದರೆ ಬೆರಳು ಎಲ್ಲಿ ಬೀಳುತ್ತದೆಂದು ನೋಡಲೇಬೇಕಿದ್ದರಿಂದ ಕಣ್ಣು ಮುಚ್ಚಲು ಅವನಿಗೆ ಪುರಸೊತ್ತಿರಲಿಲ್ಲ. ಈಗ ಯಾರಾದರೂ ಕೂಗುತ್ತಾರೆ, ಈಗ ಕೂಗುತ್ತಾರೆ ಎಂದು ಕಾಯುತ್ತಲೇ ಕೊನೆಯವರೆಗೂ ಬಾರಿಸಿದ. 'ಮಿಖಾವ್' ಎಂದು ಥಟ್ಟನೆ ನೆನಪಾಯಿತು. ದರ್ಜಿ ಅಂಗಡಿಯ ಹುಡುಗನ ಹೆಸರು ಮಿಖಾವ್.

ಹಾಡು ಮುಗಿಯಿತು. ಎಂದಿನಂತೆ ಚಪ್ಪಾಳೆ ಬಿತ್ತು, ಎಂದಿಗಿಂತ ಸ್ವಲ್ಪ ಬೇಗ ನಿಂತಿತು. ಪಾನಿ ಕುನೆಗುಂಡಾ ಬೀಸಣಿಗೆ ಬೀಸಿಕೊಳ್ಳುತ್ತ, ನೇರ ವೇದಿಕೆಯ ಹತ್ತಿರ ಬಂದರು. ಕಯೆತಾನ್ ಕಮಾನನ್ನು ಕೆಳಗಿಳಿಸಿದ.

"ಮೇಷ್ಟ್ರೇ, ಇವತ್ತು ಯಾರದು ಆ ಅಪಸ್ವರ? ಕಿವಿಯಲ್ಲಿ ಇರುವೆ ಬಿಟ್ಟ ಹಾಗಾಯ್ತು."

ಕಯೆತಾನ್ ರಾಳದ ಪುಡಿ ಹತ್ತಿದ ಬೆರಳನ್ನು ಕೋಟಿಗೆ ಒರೆಸಿಕೊಂಡ.

"ಆ ಮರದ ಹಿಂದಿನವನದ್ದು ಅನ್ನೋಣ ಅಂದ್ರೆ ಅವನು ಕೆಳಗೆ ಕುಣೀತಿದ್ದ, ನನ್ನ ಕಾಲೂ ತುಳಿದ. ಈ ಅಕಾರ್ಡಿಯನ್ನಿನವನದ್ದೇ ಇರಬೇಕು. ನೀವು ಸ್ವಲ್ಪ ಗದರಿಸಬೇಕು ಇವನನ್ನ."

ಗುಸ್ತಾವ್ ಅಕಾರ್ಡಿಯನ್ ಮೇಲಿಂದ ಕಯೆತಾನನ ಕಡೆ ನೋಡಿದ.

"ನಂದೇ," ಎಂದ ಕಯೆತಾನ್.

"ಏನು ನಿಮ್ಮದೇ?"

"ಅಪಸ್ವರ. ನಾನೇ ಬಾರಿಸಿದ್ದು."

ಕುನೆಗುಂಡಾ ಮುಚ್ಚಿದ ಬೀಸಣಿಗೆಯಿಂದ ಅವನ ಮುಂಗೈಗೆ ಮೆಲ್ಲಗೆ ಹೊಡೆದು ನಕ್ಕರು. "ಹೋಗ್ರೀ ಸಾಕು. ಇನ್ನೊಬ್ಬರ ತಪ್ಪು ಮೈಮೇಲೆ ಹಾಕ್ಕೊಳ್ಳೋದು ಬೇರೆ. ನಿಮ್ಮ ಸ್ವರ ನನಗೆ ಗೊತ್ತಿಲ್ವಾ? ನಿದ್ದೆಯಲ್ಲಿ ಎಬ್ಬಿಸಿ ಕೇಳಿಸಿದ್ರೂ ಗುರುತು ಹಿಡೀತೀನಿ."

ಇಷ್ಟು ದಿನ ಸಿಕ್ಕಿಬೀಳಬಾರದೆಂದು ಒದ್ದಾಡಿದವನಿಗೆ ಈಗ ಸಿಕ್ಕಿಬೀಳಲೂ ಬರುತ್ತಿಲ್ಲವಲ್ಲ ಎಂದು ಕಯೆತಾನನಿಗೆ ನಗು ಬಂತು, ಜೊತೆಗೆ ದುಃಖವೂ ಬಂತು. ಸಭಾಂಗಣದ ನಡುವೆ ಬೆನೋನ್ ಇನ್ನೂ ಅಪೊಲೋನ್ಯಾ ಅವರ ಕೈ ಬಿಟ್ಟಿರಲಿಲ್ಲ. ವಾಪಸ್ ಬರಲೇ ಎಂದು ಕಣ್ಣಿನಲ್ಲೇ ಕೇಳಿದ. ಕಯೆತಾನ್ ಬೇಡವೆಂದು ತಲೆಯಾಡಿಸಿದ. ಆಮೇಲೆ ವೇದಿಕೆಯಿಂದ ಇಳಿದು, ಒಂದು ಕುರ್ಚಿ ಎಳೆದು ಹಾಕಿದ.

"ಕೂತ್ಕೊಳ್ಳಿ, ಪಾನಿ ಕುನೆಗುಂಡಾ."

"ನನ್ನ ಹಬ್ಬ ಇವತ್ತಲ್ಲ."

"ಇರಲಿ, ಕೂತ್ಕೊಳ್ಳಿ."

ಅವರು ಕೂತರು, ಬೆಳ್ಳಿಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ ಹುಡುಗಿಯಂತೆ ತಲೆ ಓರೆಮಾಡಿದರು. ಕಯೆತಾನ್ ಪಿಟೀಲನ್ನು ಆ ಸುಕ್ಕುಗಟ್ಟಿದ ಕಿವಿಯ ಹತ್ತಿರಕ್ಕೆ ತಂದು, ಅವರ ಮುಖವನ್ನೇ ನೋಡುತ್ತ ಬಾರಿಸತೊಡಗಿದ. ಮೊದಲು ತುಟಿಯ ನಗು ನಿಂತಿತು. ಆಮೇಲೆ ಹುಬ್ಬು ಗಂಟಿಕ್ಕಿತು. ಬೀಸಣಿಗೆ ಮಡಿಲಿಗೆ ಬಿತ್ತು. ಮುದುಕಿ ನಿಧಾನವಾಗಿ ತಲೆಯೆತ್ತಿ ಅವನ ಕಮಾನನ್ನು, ಬೆರಳನ್ನು, ಕಡೆಗೆ ಕಣ್ಣನ್ನು ನೋಡಿದರು.

"ಅಯ್ಯೋ ದೇವರೇ," ಎಂದರು. "ನೀವೇನಾ?"

"ಹೂಂ, ನಾನೇ," ಎಂದು ಕಯೆತಾನ್ ಮುಂದಿನ ಸ್ವರಕ್ಕೆ ಕಿರುಬೆರಳು ಚಾಚಿದ. ಅದೂ ಒಂದು ಕೂದಲೆಳೆ ಇಳಿದೇ ಬಿತ್ತು.